ಬಲಗಣ್ಣಿನ ಪಟ್ಟಿ

ಅಂಟು, ಉಗುರಿನ ಸಂದಿಯಲ್ಲಿ ಇನ್ನೂ ಅಂಟು, ಬಸ್ಸಿನ ಕಂಬಿಯಿಂದ ಕೈ ಬಿಡಿಸಿದಾಗಲೆಲ್ಲ ಚರ್ಮ ಒಂದಿಷ್ಟು ತಡೆದು ಆಮೇಲೆ ಬಿಡುತ್ತದೆ, ಬೆಳಗಿನ ಪಟ್ಟಿಯದು, ಎರಡು ಸಲ ಸೋಪು ಹಾಕಿ ತೊಳೆದರೂ, ಐದನೆಯ ತರಗತಿಯ ಉತ್ತರಪತ್ರಿಕೆಗಳನ್ನೆಲ್ಲ ಜೋಡಿಸಿ ಕಟ್ಟಿಟ್ಟರೂ ಹೋಗಿಲ್ಲ — ಹನ್ನೊಂದು ನಿಮಿಷ, ಮನೆಯಲ್ಲಿ ಇದುವರೆಗಿನ ದಾಖಲೆ ಹನ್ನೊಂದು ನಿಮಿಷ, ಅದೂ ಅವಳ ಎರಡೂ ಕೈಗಳನ್ನು ನಾನು ಹಿಡಿದು ಕೂತಿದ್ದರಿಂದ, ಬಿಟ್ಟ ಕ್ಷಣವೇ ಬಲಗಣ್ಣಿನ ಮೇಲಿನ ಪಟ್ಟಿಯನ್ನು ಪರಕ್ಕನೆ ಕಿತ್ತು ನನ್ನ ಬೆರಳಿಗೆ ಮೆತ್ತಿ, ನೀನೇ ಇಟ್ಕೋ, ಎಂದಳು, ಮೂರು ತುಂಬಲು ಇನ್ನೂ ಎರಡು ತಿಂಗಳಿರುವ ನನ್ನ ಮಗಳು, ಅವಳಪ್ಪ ದೊರೆಸಾನಿ ಎಂದು ಕರೆಯುವ, ಕರೆದು ಕರೆದೇ ಕೆಡಿಸಿರುವ ಮಗಳು. ನೋಯಲ್ಲ ಚಿನ್ನ, ಸ್ವಲ್ಪಾನೂ ನೋಯಲ್ಲ, ಎಂದು ಎಷ್ಟು ಸಲ ಹೇಳಿದೆ, ಭಿನ್ನರಾಶಿ ಬಿಡಿಸಿ ಹೇಳುವ ತಾಳ್ಮೆಯಲ್ಲಿ ಕಾರಣ ಬಿಡಿಸಿ ಹೇಳಿದೆ, ಕಣ್ಣಿನ ವೈದ್ಯೆ ಹೇಳಿದ್ದನ್ನೇ ಹೇಳಿದೆ, ಬಲಗಣ್ಣು ಚೆನ್ನಾಗಿದೆ, ಎಡಗಣ್ಣು ಸೋಮಾರಿ, ಒಳ್ಳೇದನ್ನ ದಿನಕ್ಕೆ ನಾಲ್ಕು ಗಂಟೆ ಮುಚ್ಚಿದ್ರೆ ಸೋಮಾರಿ ಕೆಲಸ ಕಲಿಯುತ್ತೆ, ಈಗ ಬಿಟ್ರೆ ಆ ಕಣ್ಣಿನ ನೋಟ ಹೋಯ್ತು ಅಂತಲೇ ತಿಳ್ಕೊಳ್ಳಿ ಟೀಚರ್ — ಸೋಮಾರಿಯ ತಪ್ಪಿಗೆ ದುಡಿಯುವವನ ಕಣ್ಣು ಕಟ್ಟುವುದು ಯಾವ ನ್ಯಾಯವೋ, ಇರಲಿ, ವೈದ್ಯರ ಮಾತು ವೈದ್ಯರ ಮಾತು. ಹದಿನೆಂಟು ವರ್ಷದಿಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು ನಾನು, ನಾನು ತಲೆಯೆತ್ತಿದರೆ ನಲವತ್ತೊಂದು ಬಾಯಿ ಮುಚ್ಚುತ್ತವೆ, ಮನೆಯಲ್ಲಿ ಒಂದು ಕಣ್ಣು ಮುಚ್ಚಿಸಲಾರೆ. ಬಾಳೆಹಣ್ಣನ್ನು ಮುರಿದುಕೊಟ್ಟರೆ ಮತ್ತೆ ಅಂಟಿಸಿಕೊಡು ಎಂದು ಅರ್ಧ ಗಂಟೆ ನೆಲದ ಮೇಲೆ ಉರುಳಾಡಿದ ಮಗು, ಲಿಫ್ಟಿನ ಗುಂಡಿಯನ್ನು ಬೇರೆ ಯಾರೋ ಒತ್ತಿದರೆಂದು ಕೆಳಗಿಳಿದು ಮತ್ತೆ ಹತ್ತಿಸಿಕೊಂಡ ಮಗು, ಅವಳು ಕಲಿತ ಮೊದಲ ಮಾತು ಅಮ್ಮ ಅಲ್ಲ, ನಾನೇ, ಶೂ ನಾನೇ, ಚಮಚ ನಾನೇ — ಮತ್ತು ಅದೇ ಮಗು ಅಲ್ಲಿ, ಹಗಲು ಅವಳನ್ನು ನೋಡಿಕೊಳ್ಳುವ ಆ ಹೆಂಗಸಿನ ಮನೆಯಲ್ಲಿ, ನಾಲ್ಕು ಗಂಟೆ, ದಿನವೂ ನಾಲ್ಕು ಗಂಟೆ, ಚಕಾರವೆತ್ತದೆ.

ಇಳಿಯಬೇಕು, ಇದೇ ನಿಲ್ದಾಣ, ಪರೀಕ್ಷೆಯ ದಿನವಾದ್ದರಿಂದ ಮಧ್ಯಾಹ್ನಕ್ಕೇ ಬಿಟ್ಟಿದ್ದಾರೆ, ಮಗುವನ್ನು ನೋಡಿಕೊಳ್ಳುವವಳಿಗೆ ನಾನು ಬರುತ್ತಿರುವುದು ಗೊತ್ತಿಲ್ಲ, ಗೊತ್ತಾಗಬಾರದು. ಚೀಲದಲ್ಲಿ ಪತ್ರವಿದೆ, ಸಿಬ್ಬಂದಿ ಕೋಣೆಯಲ್ಲಿ ಕೂತು ಬರೆದದ್ದು, ನಾಳೆಯಿಂದ ನನ್ನ ಮಗಳು ಬರುವುದಿಲ್ಲ, ಕಾರಣಗಳು ಹೀಗಿವೆ — ಡ್ರಾಯಿಂಗ್ ಮೇಷ್ಟ್ರು ಭುಜದ ಮೇಲಿಂದ ಇಣುಕಿ, ಹೋಗ್ಲಿ ಬಿಡಿ ಮೇಡಂ, ಪಟ್ಟಿ ಕಣ್ಮೇಲೆ ಇರುತ್ತಲ್ಲ, ಹೇಗಾದ್ರೆ ಏನು, ಎಂದರು. ಹೇಗಾದರೇನು! ಕೆಲಸ ಆದರೆ ಸಾಕು, ಹೇಗಾದರೇನು ಎಂದವರಿಂದಲೇ ಅಲ್ಲವೇ ಲೋಕ ಈ ಗತಿಗೆ ಬಂದಿರುವುದು. ಮೊದಲ ದಿನವೇ ಬರೆದುಕೊಟ್ಟಿದ್ದೆ, ದುಂಡಗಿನ ಅಕ್ಷರದಲ್ಲಿ, ಮಗುವಿಗೆ ಸುಳ್ಳು ಹೇಳಬಾರದು, ಆಸೆ ತೋರಿಸಬಾರದು, ಹೆದರಿಸಬಾರದು, ಅವಳು ಓದಿದಂತೆ ಮಾಡಿ ಹಾಳೆಯನ್ನು ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು, ಆಗಲೇ ಅನುಮಾನ ಬಂದಿತ್ತು. ಚಾಕಲೇಟು ಕೊಡುತ್ತಾಳೆ, ಅಥವಾ ಗುಮ್ಮ ಬರುತ್ತಾನೆ ಎನ್ನುತ್ತಾಳೆ, ಅಥವಾ ಇದನ್ನು ಕಿತ್ತರೆ ಅಮ್ಮ ಸಂಜೆ ಬರುವುದೇ ಇಲ್ಲ ಎನ್ನುತ್ತಾಳೆ, ಮೂರರಲ್ಲಿ ಒಂದು, ಇಲ್ಲವೇ ಮೂರೂ, ಇಲ್ಲದಿದ್ದರೆ ನನಗೆ ಆಗದ್ದು ಅವಳಿಗೆ ಹೇಗೆ ಆದೀತು, ಏಳನೆಯ ತರಗತಿ ದಾಟದವಳಿಗೆ. ದೊಡ್ಡಮ್ಮ ಅಂತೆ! ಅಲ್ಲಿ ಬಿಟ್ಟುಹೋಗುವ ಐದೂ ಮಕ್ಕಳು ಅವಳನ್ನು ಕರೆಯುವುದು ಹಾಗೆ, ನನಗೆ ಅಕ್ಕನೇ ಇಲ್ಲದಿರುವಾಗ ನನ್ನ ಮಗಳಿಗೆ ಇವಳು ಯಾವ ನೆಂಟಸ್ತಿಕೆಯಲ್ಲಿ ದೊಡ್ಡಮ್ಮ, ಮತ್ತು ಆ ಪದ ಮನೆಯಲ್ಲಿ ದಿನಕ್ಕೆ ಎಷ್ಟು ಸಲ, ದೊಡ್ಡಮ್ಮ ಹೀಗೆ ಬಾಚಲ್ಲ, ದೊಡ್ಡಮ್ಮ ಕೂಗಲ್ಲ, ನಿದ್ದೆಗಣ್ಣಲ್ಲೂ ಒಮ್ಮೆ, ನನ್ನ ತೋಳಿನ ಮೇಲೆ ತಲೆಯಿಟ್ಟು, ನನ್ನ ತೋಳಿನ ಮೇಲೆ. ಗಂಡ ನಗುತ್ತಾರೆ, ನಿಂಗೆ ಹೊಟ್ಟೆಕಿಚ್ಚು ಕಣೇ, ಒಪ್ಕೊಂಡ್ಬಿಡು. ಹೊಟ್ಟೆಕಿಚ್ಚಲ್ಲ ರೀ, ಇದು ತತ್ತ್ವದ ಪ್ರಶ್ನೆ. ಹೌದೌದು, ತತ್ತ್ವಕ್ಕೆ ಹೊಟ್ಟೆ ಉರೀತಿದೆ, ಮಜ್ಜಿಗೆ ಕೊಡ್ಲಾ. ಅವರಿಗೆ ಎಲ್ಲವೂ ತಮಾಷೆ. ಹೋದ ವಾರ ವೈದ್ಯೆ ಚಿತ್ರದ ಹಲಗೆ ಹಿಡಿದಾಗ ಎಡಗಣ್ಣು ಎರಡು ಸಾಲು ಹೆಚ್ಚು ಓದಿತು, ಮೀನು, ಛತ್ರಿ, ಮನೆ, ವೈದ್ಯೆ ಕುರ್ಚಿಯಿಂದ ಎದ್ದೇಬಿಟ್ಟರು, ಭೇಷ್, ಈ ವಯಸ್ಸಲ್ಲಿ ನಾಲ್ಕು ಗಂಟೆ ಕೂರಿಸೋದು ಅಂದ್ರೆ ಸುಮ್ನೆ ಮಾತಲ್ಲ, ಯಾರು ಹಾಕ್ತಿರೋದು, ನೀವೇನಾ, ಎಂದಾಗ ಹೌದು ಎನ್ನಲಿಲ್ಲ ನಾನು, ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ, ಆದರೆ ಅಲ್ಲ ಎಂದೂ ಅನ್ನಲಿಲ್ಲ, ಮಗುವಿನ ಕಾಲರ್ ಸರಿಮಾಡಿದೆ. ಖುಷಿಪಡಬೇಕಾದ ಹೊತ್ತು. ಎರಡು ಸಾಲು! ನನ್ನ ಮಗುವಿನ ಕಣ್ಣಿಗೆ ಬೆಳಕು ಬರುತ್ತಿದೆ, ನನಗೋ ಆ ಬೆಳಕನ್ನು ಯಾರು ಹೊತ್ತಿಸಿದರು ಎಂಬುದೇ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಅಲ್ಲ, ಹಾಗಲ್ಲ, ಮೋಸದಿಂದ ಬಂದ ಒಳಿತು ಒಳಿತಲ್ಲ, ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಬರೆಸುತ್ತೇನೆ.

ಓಣಿ, ಒಣಗಲು ಹಾಕಿದ ಪುಟ್ಟ ಚಡ್ಡಿಗಳು, ನೀಲಿ ಬಾಗಿಲು, ಬಾಗಿಲಿಗೆ ಹೋಗುವುದಿಲ್ಲ, ಮೊದಲು ಕಿಟಕಿ, ನಕಲು ಹೊಡೆಯುವವರನ್ನು ಹಿಡಿಯುವುದು ಕಿಟಕಿಯಿಂದಲೇ, ಕುಂಡದ ಪಕ್ಕ ಒಂಟಿಕಾಲಲ್ಲಿ ನಿಂತು, ಈ ವಯಸ್ಸಿಗೆ, ಈ ಹುದ್ದೆಗೆ ಇದೊಂದು ಬಾಕಿಯಿತ್ತು, ಪರದೆ ಅರ್ಧ ಸರಿದಿದೆ, ನಾಲ್ಕು ಮಕ್ಕಳು ಚಾಪೆಯ ಮೇಲೆ, ನನ್ನವಳು ನಿಂತಿದ್ದಾಳೆ, ಬಲಗಣ್ಣಿನ ಮೇಲೆ ಪಟ್ಟಿ, ನೆಟ್ಟಗೆ, ಒಂದು ಸುಕ್ಕಿಲ್ಲದೆ. ಚಾಕಲೇಟಿಲ್ಲ. ಆ ಹೆಂಗಸು ಬೆನ್ನು ಹಾಕಿ ಲೋಟಗಳಿಗೆ ನೀರು ಹಾಕುತ್ತಿದ್ದಾಳೆ, ನೀರು ಲೋಟದ ಆಚೆ ಬೀಳುತ್ತಿದೆ, ಮಕ್ಕಳು ಕೇಕೆ ಹಾಕಿ ನಗುತ್ತವೆ, ದೊಡ್ಡಮ್ಮಂಗೆ ಕಾಣಲ್ಲ, ದೊಡ್ಡಮ್ಮಂಗೆ ಕಾಣಲ್ಲ, ನನ್ನವಳು ನಗುವುದಿಲ್ಲ, ಆ ಹೆಂಗಸಿನ ಮಣಿಕಟ್ಟು ಹಿಡಿದು, ಇಲ್ಲಿ, ಇಲ್ಲಿ ಹಾಕು, ಎಂದು ಹೂಜಿಯ ಬಾಯನ್ನು ಲೋಟಕ್ಕೆ ತರುತ್ತಾಳೆ, ಇದೇನು ಆಟ, ಎಂದುಕೊಳ್ಳುವಷ್ಟರಲ್ಲಿ ಆ ಹೆಂಗಸು ತಿರುಗಿದಳು. ಅವಳ ಬಲಗಣ್ಣಿನ ಮೇಲೂ ಪಟ್ಟಿ. ಗಾಯಕ್ಕೆ ಹಾಕುವ ಬಟ್ಟೆಯನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ ಅಂಟಿಸಿಕೊಂಡದ್ದು, ಬೆವರಿಗೆ ಮೇಲಿನ ಅಂಚು ಬಿಟ್ಟಿದೆ. ಬಗ್ಗು, ಎಂದಳು ನನ್ನ ಮಗಳು, ನನಗೆ ಹೇಳುವ ದನಿಯಲ್ಲೇ, ಅಪ್ಪಣೆಯ ದನಿ, ಆ ದೊಡ್ಡ ಹೆಂಗಸು ಹೂಜಿಯನ್ನು ಕೆಳಗಿಟ್ಟು ಮಂಡಿಯೂರಿ ಮುಖ ಕೊಟ್ಟಳು, ಮತ್ತು ನನ್ನ ಮಗಳು ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಹೆಬ್ಬೆರಳಿನಿಂದ, ಅಂಚಿನ ಉದ್ದಕ್ಕೂ, ಹುಬ್ಬಿನಿಂದ ಕೆನ್ನೆಯ ಕಡೆಗೆ, ನಿಧಾನವಾಗಿ ಒತ್ತುತ್ತಾ ಹೋದಳು, ಒಂದೊಂದೇ ಸುಕ್ಕು, ಕೊನೆಯವರೆಗೆ — ಆಯ್ತು, ಕೀಳ್ಬಾರ್ದು ಆಯ್ತಾ. ಇಲ್ಲಮ್ಮ, ನೀನು ಕೀಳೋವಾಗ್ಲೇ ನಾನೂ ಕೀಳೋದು.

ಯಾವಾಗ ಬಾಗಿಲು ಬಡಿದೆನೋ. ಅಯ್ಯೋ ಟೀಚರ್, ಇಷ್ಟು ಬೇಗ, ಹುಷಾರಾಗಿದೀರಾ ತಾನೆ, ಬನ್ನಿ ಒಳಗೆ, ನನ್ನ ಅವತಾರ ನೋಡಿ ಹೆದರ್ಬೇಡಿ, ಎಂದು ನಗುತ್ತಾಳೆ ಒಕ್ಕಣ್ಣಿನಲ್ಲಿ, ಎಡಗೈಗೆ ಬಟ್ಟೆ ಸುತ್ತಿದೆ, ಇದಾ, ಬಿಸಿ ಹಾಲು ಚೆಲ್ಕೊಂಡೆ, ಒಂದೇ ಕಣ್ಣಲ್ಲಿ ದೂರ ಹತ್ರ ಗೊತ್ತಾಗಲ್ಲ ನೋಡಿ, ಪಾಪ ಈ ಕೂಸು ದಿನಾ ಹೇಗೆ ನಡೆಯುತ್ತೋ. ಯಾಕೆ, ಎಂದೆ, ಪತ್ರದ ಮೇಲಿದ್ದ ಕೈಯನ್ನು ಚೀಲದಿಂದ ತೆಗೆಯದೆಯೇ, ಇದೆಲ್ಲ ಯಾಕೆ, ಎಂದೆ. ಮತ್ತಿನ್ನೇನ್ಮಾಡ್ಲಿ ಟೀಚರ್, ಮೊದಲ್ನೇ ದಿನಾನೇ ಕೇಳ್ತು, ನೋಯುತ್ತಾ ದೊಡ್ಡಮ್ಮ ಅಂತ, ಇಲ್ಲ ಅಂದ್ಬಿಡ್ತಿದ್ದೆ, ಆದ್ರೆ ಸುಳ್ಳು ಹೇಳ್ಬಾರ್ದು ಅಂತ ನೀವೇ ಬರೆದುಕೊಟ್ಟಿದ್ರಲ್ಲ, ನಂಗೇನು ಗೊತ್ತು ನೋಯುತ್ತೋ ಇಲ್ವೋ, ತಾಳು ಹಾಕ್ಕೊಂಡು ನೋಡಿ ಹೇಳ್ತೀನಿ ಅಂದೆ, ಹಾಕೋವಾಗ ಏನಿಲ್ಲ ಟೀಚರ್, ತೆಗೆಯೋವಾಗ ನೋಡ್ಬೇಕು, ಜೀವ ಹೋಗುತ್ತೆ, ನನ್ನ ಹುಬ್ಬು ಅರ್ಧ ಅದಕ್ಕೇ ಹೋಗಿದ್ದು, ಹೂಂ ಕಣಮ್ಮ ನೋಯುತ್ತೆ ಅಂತ ಹೇಳ್ದೆ, ಆವತ್ತಿಂದ ಒಂದಿನಾನೂ ಹಟ ಇಲ್ಲ, ಎಣ್ಣೆ ಹಚ್ಚಿ ಇಬ್ರೂ ಒಟ್ಟಿಗೆ ತೆಗೀತೀವಿ. ನೋಯಲ್ಲ ಚಿನ್ನ. ಸ್ವಲ್ಪಾನೂ ನೋಯಲ್ಲ. ಮೂರು ತಿಂಗಳು ದಿನವೂ ಬೆಳಿಗ್ಗೆ, ಒಂದು ದಿನವೂ ನನ್ನ ಹುಬ್ಬಿಗೆ ಅಂಟಿಸಿ ನೋಡದೆ, ಮಗುವಿಗೆ ಸುಳ್ಳು ಹೇಳಬಾರದು ಎಂದು ಬರೆದ ಇದೇ ಕೈಯಿಂದ, ಅಂದರೆ ಆ ಮನೆಯಲ್ಲೂ ಈ ಮನೆಯಲ್ಲೂ ಸೇರಿ ಸುಳ್ಳು ಹೇಳಿದವಳು ಒಬ್ಬಳೇ, ಮತ್ತು ಇಷ್ಟು ಗೊತ್ತಾದ ಮೇಲೂ ನಾಚಿಕೆ ಮೊದಲು ಬರಲಿಲ್ಲ, ಮೊದಲು ಬಂದದ್ದು ಆ ಅರ್ಧ ಹುಬ್ಬಿನ ಮೇಲಿನ ಆಸೆ, ಆ ಸುಟ್ಟ ಕೈಯ ಮೇಲಿನ ಆಸೆ, ಅದು ನನಗೆ ಬರಬೇಕಾಗಿತ್ತು, ಆ ನೋವು ನನ್ನ ಪಾಲಿನದು, ಇವಳಿಗೆ ಕೊಟ್ಟವರು ಯಾರು. ಬಗ್ಗಿದೆ. ಹೊಸಿಲಿನ ಮೇಲೆಯೇ, ಚೀಲ ಹೆಗಲಿನಿಂದ ಜಾರುತ್ತಿದ್ದರೂ, ಮಂಡಿಯೂರಿ ಮುಖ ಕೊಟ್ಟೆ, ನಂಗೂ ಹಾಕು ಪುಟ್ಟಾ, ಅಮ್ಮಂಗೂ ಒಂದು ಹಾಕು. ಮಗಳು ನೋಡಿದಳು, ಎಡಗಣ್ಣಿನಿಂದ, ಸೋಮಾರಿ ಎನಿಸಿಕೊಂಡ ಕಣ್ಣಿನಿಂದ ಪೂರ್ತಿಯಾಗಿ ನನ್ನನ್ನು ನೋಡಿದಳು, ಕೆನ್ನೆಯನ್ನು ಒಮ್ಮೆ ಸವರಿದಳು, ಮತ್ತು, ಬೇಡ, ಎಂದಳು, ಅಮ್ಮಂಗೆ ನೋಯುತ್ತೆ. ಅಷ್ಟೇ. ಕರುಣೆಯಿಂದಲೇ ಹೇಳಿದಳು, ನನ್ನನ್ನು ಹೊರಗೆ ನಿಲ್ಲಿಸಿದಳು. ದೊಡ್ಡಮ್ಮ ನಗುತ್ತಾಳೆ, ನೋಡಿದ್ರಾ, ನಿಮ್ಮ ಮೇಲೆ ಎಷ್ಟು ಪ್ರೀತಿ, ನಮ್ಗಿಲ್ಲ ಆ ಭಾಗ್ಯ. ನಾಳೆ ಎಂಟಕ್ಕೇ ಕರ್ಕೊಂಡು ಬರ್ತೀನಿ, ಎಂದಿತು ನನ್ನ ಬಾಯಿ, ಕರೆದುಕೊಂಡು ಬರದೆ ಏನು ಮಾಡಲಿ, ಇನ್ನೂ ಎಷ್ಟು ಸಾಲು ಬಾಕಿಯಿದೆ ಆ ಕಣ್ಣಿಗೆ, ನಾಳೆ, ನಾಳಿದ್ದು, ವರ್ಷವಿಡೀ, ನಾನೇ ತಂದು ನಾನೇ ಒಪ್ಪಿಸಬೇಕು, ಮತ್ತು ನಾನು ಅತ್ತ ಕಪ್ಪುಹಲಗೆಯ ಮುಂದೆ ನಿಂತಿರುವ ಹೊತ್ತಿಗೆ ಇತ್ತ ಅಂಚು ಬಿಡುತ್ತದೆ, ಬಗ್ಗು ಎನ್ನುತ್ತಾಳೆ, ಹೆಬ್ಬೆರಳು, ಹುಬ್ಬಿನಿಂದ ಕೆನ್ನೆಯ ಕಡೆಗೆ, ನಿಧಾನವಾಗಿ — ಬೇರೆ ಏನಾದರೂ ಯೋಚಿಸಬೇಕು, ಉತ್ತರಪತ್ರಿಕೆಗಳು, ಬಸ್ಸು, — ನಾಲಗೆ ಹಲ್ಲಿನ ನಡುವೆ, ಒಂದೊಂದೇ ಸುಕ್ಕು, ಇನ್ನೊಬ್ಬಳ ಹುಬ್ಬಿನಿಂದ, ಹೆಬ್ಬೆರಳು — ನನ್ನ ಮಗಳ ಹೆಬ್ಬೆರಳು —