ಒಬ್ಬಳೇ ಈಜಿದ ಇನ್ನೂರು ಮೀಟರ್

ನನ್ನ ಅಕ್ಕ ಈಜು ಕಲಿತದ್ದು ನೀರಿನ ಆಸೆಗಲ್ಲ, ಬಸ್ಸಿನ ಆಸೆಗೆ. ಅಪ್ಪ ಬಸ್ ಡ್ರೈವರ್. ಬೆಳಗಿನ ಮೊದಲ ಬಸ್ಸು ಅವರದೇ. ಡಿಪೋದಿಂದ ಹೊರಟ ಖಾಲಿ ಬಸ್ಸು ನಮ್ಮ ಬೀದಿಯ ಮೂಲೆಯಲ್ಲಿ ನಿಲ್ಲುತ್ತಿತ್ತು. ನಾವಿಬ್ಬರೂ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತರೆ ಊರಿಗೆ ಊರೇ ನಮ್ಮ ಸ್ವತ್ತು. ಆದರೆ ಹೋಗಲು ಒಂದು ನೆಪ ಬೇಕಲ್ಲ. ಅಷ್ಟು ಬೇಗ ಬಾಗಿಲು ತೆರೆದಿರುತ್ತಿದ್ದದ್ದು ನಗರಸಭೆಯ ಈಜುಕೊಳ ಒಂದೇ.

ಅಲ್ಲಿ ಹೇಳಿಕೊಡುತ್ತಿದ್ದವರು ನಿವೃತ್ತ ವ್ಯಾಯಾಮ ಶಿಕ್ಷಕಿ. ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದೆವು. ಅವರು ನೀರಿಗಿಳಿದದ್ದನ್ನು ಕಂಡವರಿಲ್ಲ. ಕೊರಳಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಕೊಳದ ಅಂಚಿನಲ್ಲಿ ರಬ್ಬರ್ ಚಪ್ಪಲಿ ಎಳೆಯುತ್ತ ಓಡಾಡುವರು. ಅಕ್ಕನಿಗೆ ಅವರಿಟ್ಟ ಹೆಸರು ಏಣಿ. ಅಷ್ಟು ಉದ್ದ, ಅಷ್ಟೇ ಸಪೂರ. ನಾನು ಒಂದು ಸುತ್ತು ಮುಗಿಸಿ ಬಂದರೆ "ಸ್ನಾನ ಆಯ್ತಾ?" ಎಂದು ಕೇಳುತ್ತಿದ್ದರು.

ಏಣಿಗೆ ಮುಖ ನೀರಿಗೆ ಹಾಕುವುದೆಂದರೆ ಆಗದು. ಒಂದು ವಾರ ನೋಡಿ ಟೀಚರ್ ಹೇಳಿದರು, "ಹಾಗಾದ್ರೆ ಮಲಗ್ಕೊಂಡೇ ಈಜಮ್ಮ. ಅದಕ್ಕೂ ಪದಕ ಕೊಡ್ತಾರೆ."

ಹೀಗೆ ಅಕ್ಕ ಬ್ಯಾಕ್‌ಸ್ಟ್ರೋಕ್ ಹಿಡಿದಳು. ಹದಿನಾಲ್ಕಕ್ಕೆ ಊರಿನಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ, ಹದಿನೇಳಕ್ಕೆ ದೇಶದಲ್ಲಿ. ಅಮ್ಮ ಆಸ್ಪತ್ರೆಯ ನರ್ಸು. ಪಾಳಿ ಮುಗಿಸಿ ಬಂದವಳೇ ಕೈ ತೊಳೆದು ಅಕ್ಕನ ಭುಜ ನೀವಲು ಕೂರುತ್ತಿದ್ದಳು. ಪಕ್ಕದಲ್ಲಿ ಕೂತು ನೋಡುತ್ತ ನೋಡುತ್ತ ನನಗೂ ಆ ವಿದ್ಯೆ ಬಂತು. ಮುಂದೆ ಅದನ್ನೇ ಓದಿದೆ.

ಮೊದಲ ಅಂತರರಾಷ್ಟ್ರೀಯ ಕೂಟದಲ್ಲಿ ಅಕ್ಕ ಎಂಟನೆಯವಳಾದಳು. ಇದ್ದದ್ದೇ ಎಂಟು ಜನ. ಅದು ಬಯಲಿನ ಕೊಳ. ಚಾವಣಿಯ ತೊಲೆಗಳನ್ನು ನೋಡಿಕೊಂಡು ನೇರ ಹೋಗುವುದು ಅವಳಿಗೆ ಅಭ್ಯಾಸ; ಅಲ್ಲಿ ಮೇಲೆ ನೋಡಿದರೆ ಬರೀ ಆಕಾಶ. ದಿಕ್ಕು ತಪ್ಪಿ ನಾಲ್ಕು ಸಲ ಲೇನಿನ ಹಗ್ಗಕ್ಕೆ ಬಡಿದುಕೊಂಡಳು. ಮನೆಗೆ ಬಂದು ಮೂರು ದಿನ ಯಾರೊಡನೆಯೂ ಮಾತಿಲ್ಲ. ನಾಲ್ಕನೆಯ ದಿನ ಊಟದ ಹೊತ್ತಿಗೆ ಅಪ್ಪನೇ ಬಾಯಿ ಬಿಟ್ಟರು.

"ಯಾವ ಕಡೆ ಎಳೀತು?"

"ಎಡಕ್ಕೆ."

"ನಾಲ್ಕೂ ಸಲ ಎಡಕ್ಕೇನಾ?"

"ಹೂಂ."

"ಹಾಗಾದ್ರೆ ಆಕಾಶದ ತಪ್ಪಲ್ಲ ಮಗಳೇ. ಗಾಡಿ ಯಾವಾಗ್ಲೂ ಒಂದೇ ಕಡೆ ಎಳೀತಿದ್ರೆ ರಸ್ತೇನ ಬಯ್ಯಬಾರದು, ಚಕ್ರ ನೋಡಬೇಕು. ನಿನ್ನ ಬಲಗೈ ಜಾಸ್ತಿ ದುಡೀತಾ ಇದೆ."

ಅಕ್ಕ ತಟ್ಟೆ ಬಿಟ್ಟೆದ್ದು ಕನ್ನಡಿಯ ಮುಂದೆ ನಿಂತು ಎರಡೂ ಕೈ ತಿರುಗಿಸಿ ನೋಡಿದಳು. ಮರುದಿನ ಟೀಚರಿಗೆ ಹೇಳಿದಾಗ ಅವರು, "ಇಷ್ಟು ವರ್ಷ ನಾನು ಗಡಿಯಾರ ನೋಡ್ದೆ, ನಿಮ್ಮಪ್ಪ ನಿನ್ನ ನೋಡಿದ್ರು" ಎಂದರು. ಆ ವರ್ಷವಿಡೀ ಎಡಗೈಗೇ ಕೆಲಸ. ಬಾಗಿಲು ತೆಗೆಯುವುದು, ಬಕೆಟ್ ಎತ್ತುವುದು, ತಲೆ ಬಾಚುವುದು, ಎಲ್ಲ ಎಡಗೈಯಲ್ಲೇ. ಅವಳ ಜಡೆ ಒಂದು ವರ್ಷ ಸೊಟ್ಟಗೇ ಇತ್ತು.

ನಾಲ್ಕು ವರ್ಷ ಕಳೆದು ದೊಡ್ಡ ಕೂಟ ಬಂತು. ಜಗತ್ತಿನ ಈಜುಗಾರರೆಲ್ಲ ಸೇರುವ ಕೂಟ. ಅಷ್ಟರಲ್ಲಿ ಓದು ಮುಗಿಸಿದ್ದ ನಾನು ತಂಡದ ಫಿಸಿಯೋಥೆರಪಿಸ್ಟಿಗೆ ಸಹಾಯಕಿಯಾಗಿ ಜೊತೆಗೆ ಹೋಗಿದ್ದೆ. ಅಕ್ಕನ ತರಬೇತುದಾರರಾಗಿ ಟೀಚರೂ ಬಂದಿದ್ದರು.

ಇನ್ನೂರು ಮೀಟರ್, ಅರ್ಹತಾ ಸುತ್ತು. ಗುಂಪು ಗುಂಪಾಗಿ ಈಜಿ, ಎಲ್ಲರಲ್ಲಿ ವೇಗದ ಎಂಟು ಜನ ಫೈನಲ್ಲಿಗೆ; ಅಕ್ಕನದು ಕೊನೆಯ ಗುಂಪು. ಬ್ಯಾಕ್‌ಸ್ಟ್ರೋಕಿನಲ್ಲಿ ನೀರೊಳಗಿದ್ದು, ಕಟ್ಟೆಯ ಕಂಬಿ ಹಿಡಿದು, ಕಾಲು ಗೋಡೆಗೊತ್ತಿ ಹಿಂದಕ್ಕೆ ಜಿಗಿಯಬೇಕು. ಸದ್ದು ಕೇಳಿದೊಡನೆ ಏಳು ಜನ ಜಿಗಿದರು. ಅಕ್ಕನ ಕಂಬಿ ಒಂದು ಕಡೆ ಕಳಚಿಕೊಂಡಿತು. ಅವಳು ಮೂಟೆಯಂತೆ ನೀರಿಗೆ ಬಿದ್ದಳು. ಸ್ಪರ್ಧೆ ನಿಲ್ಲಿಸಲಿಲ್ಲ. ಅವಳೂ ನಿಲ್ಲಲಿಲ್ಲ, ಹೇಗೋ ಸಾವರಿಸಿಕೊಂಡು ಈಜಿ, ಕೊನೆಯವಳಾಗಿ ಮುಟ್ಟಿದಳು.

ಟೀಚರ್ ಆ ಸಡಿಲ ಕಂಬಿಯ ಪಕ್ಕದಿಂದ ಅಲ್ಲಾಡಲಿಲ್ಲ. ಅಧಿಕಾರಿಗಳು ಬಂದು ನೋಡಿದರು, ಅಲುಗಿಸಿದರು, ಗುಸುಗುಸು ಮಾತಾಡಿದರು. ಕೊನೆಗೆ ತೀರ್ಮಾನ ಬಂತು. ಮುಕ್ಕಾಲು ಗಂಟೆ ಬಿಟ್ಟು ಅವಳೊಬ್ಬಳೇ ಮತ್ತೆ ಈಜಬಹುದು. ಎಂಟನೆಯ ಸ್ಥಾನದವಳ ಸಮಯಕ್ಕಿಂತ ಮೊದಲು ಮುಟ್ಟಿದರೆ ಫೈನಲ್.

ಆ ಎಂಟನೆಯವಳು ಬೇರೆ ದೇಶದ ಕೆಂಚುಗೂದಲಿನ ಹುಡುಗಿ. ಎರಡು ನಿಮಿಷ ಹದಿನಾಲ್ಕು ಸೆಕೆಂಡು, ಮೇಲೆ ನೂರರಲ್ಲಿ ಅರವತ್ತೆರಡು ಪಾಲು. ಫಲಕದಲ್ಲಿ ತನ್ನ ಹೆಸರು ಕಂಡು ಗೆಳತಿಯರನ್ನು ಅಪ್ಪಿಕೊಂಡಿದ್ದವಳು ಈಗ ಟವೆಲು ಹೊದ್ದು ಬೆಂಚಿನ ತುದಿಯಲ್ಲಿ ಕುಳಿತಿದ್ದಳು.

ಬೆಂಚುಗಳಿದ್ದ ಒಳಕೋಣೆಯಲ್ಲಿ ನಾನು ಅಕ್ಕನ ಭುಜ ನೀವುತ್ತಿದ್ದೆ. ಸ್ನಾಯುಗಳು ಹಗ್ಗದಂತೆ ಬಿಗಿದಿದ್ದವು.

"ಆಗುತ್ತೇನೇ?" ಎಂದೆ.

"ಗೊತ್ತಿಲ್ಲ. ಭಯ ಆಗ್ತಿದೆ. ಯಾರ ಜೊತೆ ಈಜಲಿ ಹೇಳು? ಪಕ್ಕದಲ್ಲಿ ಒಂದು ನರಪಿಳ್ಳೆ ಇಲ್ಲ."

ಟೀಚರ್ ಒಳಗೆ ಬಂದವರು ಉಪದೇಶವೇನೂ ಮಾಡಲಿಲ್ಲ. "ಕಂಬಿ ನಾನೇ ಜಗ್ಗಿ ನೋಡಿದೀನಿ, ಗಟ್ಟಿ ಇದೆ" ಎಂದಷ್ಟೇ ಹೇಳಿದರು.

ಎಂಟು ಲೇನಿನ ಕೊಳಕ್ಕೆ ಅವಳೊಬ್ಬಳೇ ಇಳಿದಳು. ಜನ ಆಗಲೇ ಏಳುತ್ತಿದ್ದವರು ಮತ್ತೆ ಕುಳಿತರು. ಮೊದಲ ಐವತ್ತು ಮೀಟರಿಗೆ ಎಲ್ಲರೂ ಮೌನ. ಎರಡನೆಯದಕ್ಕೆ ತಿರುಗುವಾಗ ಯಾರೋ ಒಬ್ಬರು ಅವಳ ಕೈಯ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹಾಕತೊಡಗಿದರು. ತಿರುಗಿ ನೋಡಿದರೆ, ಆ ಕೆಂಚುಗೂದಲಿನವಳು. ಟವೆಲು ಕೆಳಗೆ ಬಿದ್ದಿತ್ತು. ಅಂಚಿನಲ್ಲಿ ನಿಂತು ತಟ್ಟುತ್ತಿದ್ದಳು. ಅವಳಿಂದ ಅವಳ ತಂಡಕ್ಕೆ, ತಂಡದಿಂದ ಸಾಲಿಗೆ, ಸಾಲಿನಿಂದ ಇಡೀ ಗ್ಯಾಲರಿಗೆ ಅದು ಹಬ್ಬಿತು. ಕೊನೆಯ ಐವತ್ತಕ್ಕೆ ನನಗೆ ಅಕ್ಕ ಕಾಣಲೇ ಇಲ್ಲ, ಕಣ್ಣು ಮಂಜಾಗಿತ್ತು. ಫಲಕ ಮಾತ್ರ ಕಂಡಿತು. ಎರಡು ಹದಿನಾಲ್ಕು, ಐವತ್ತೆಂಟು.

ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು. ರೆಪ್ಪೆ ಬಡಿಯುವುದಕ್ಕೂ ಸಾಲದು. ಅಷ್ಟರಲ್ಲಿ ಒಬ್ಬಳು ಒಳಗೆ, ಒಬ್ಬಳು ಹೊರಗೆ. ಅಕ್ಕ ನೀರಿನಿಂದ ಮೇಲೆ ಬರಲು ಮೊದಲು ಕೈ ಕೊಟ್ಟವಳೂ ಆ ಹುಡುಗಿಯೇ. ಆಮೇಲೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಅತ್ತಳಂತೆ. ಅಳದೆ ಇನ್ನೇನು.

ಮರುದಿನದ ಫೈನಲ್ಲಿನಲ್ಲಿ ಅಕ್ಕ ಏಳನೆಯವಳಾದಳು. ಅದೇ ಅವಳ ಜೀವನದ ದೊಡ್ಡ ಸ್ಥಾನ. ಇನ್ನೆರಡು ವರ್ಷ ಈಜಿದಳು, ಸಣ್ಣಪುಟ್ಟ ಪದಕ ಗೆದ್ದಳು. ಭುಜ ಕೈಕೊಟ್ಟಿತು. ಇನ್ನು ಸಾಕು ಎಂದು ಮೊದಲು ಹೇಳಬೇಕಾಗಿ ಬಂದದ್ದು ನನಗೇ; ನನ್ನ ಬೆರಳಿಗೆ ಎಲ್ಲ ಗೊತ್ತಾಗುತ್ತಿತ್ತು. ಅವಳು ಜಗಳವಾಡಲಿಲ್ಲ. ಮಾರನೆಯ ಬೆಳಿಗ್ಗೆ ಒಂಬತ್ತರವರೆಗೆ ಮಲಗಿದ್ದಳು. ಅಮ್ಮ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಈಗ ಅಕ್ಕ ಶಾಲೆಯೊಂದರಲ್ಲಿ ಭೂಗೋಳ ಪಾಠ ಮಾಡುತ್ತಾಳೆ. ಕೆಂಚುಗೂದಲಿನವಳ ಕಾಗದ ವರ್ಷಕ್ಕೊಂದಾದರೂ ಬರುತ್ತದೆ, ಮಕ್ಕಳ ಫೋಟೋ ಜೊತೆಗೆ. ಮೊನ್ನೆಯೂ ಬಂದಿತ್ತು. ಓದಿ ಮಡಿಸಿಡುತ್ತ ಅಕ್ಕ ಕೇಳಿದಳು, "ಅವತ್ತು ಅಷ್ಟೊಂದು ಚಪ್ಪಾಳೆ ನಿಜವಾಗ್ಲೂ ಇತ್ತೇನೇ? ಎಲ್ರೂ ಹೇಳ್ತೀರ."

"ನಿಂಗೆ ಕೇಳಿಸ್ಲೇ ಇಲ್ವಾ?"

"ಕಿವಿ ನೀರೊಳಗಿರುತ್ತಲ್ಲ ಮಾರಾಯ್ತಿ. ನಂಗೆ ಕೇಳಿದ್ದು ನನ್ನ ಕೈಯ ಸದ್ದು ಮಾತ್ರ. ಅಷ್ಟು ದೊಡ್ಡ ಕೊಳ, ಅಲೆ ಎಬ್ಬಿಸೋಕೆ ಬೇರೆ ಯಾರೂ ಇಲ್ಲ, ನೀರು ನುಣ್ಣಗಿತ್ತು. ಭಯ ಎಲ್ಲಿ ಹೋಯ್ತೋ. ಮುಗೀದೆ ಇರ್ಲಿ ಅನ್ನಿಸ್ತು."

ಹಾಗೆಂದು ಎದ್ದು ಉತ್ತರ ಬರೆಯಲು ಕಾಗದ ಹುಡುಕಿದಳು.