ಇಲಿಗಳಿಗೆ ಕೊಟ್ಟ ಮದ್ದು

ಅಕ್ಕನಿಗೆ ಧೈರ್ಯ ಹೇಳಲು ಹೋಗಿ ತಂಗಿ ಬಾಯಿ ಜಾರಿದ್ದಳು. ಕ್ಯಾನ್ಸರ್ ಗಡ್ಡೆಯಿರುವ ಇಲಿಗಳಿಗೆ ಕೀಮೋ ಔಷಧಿಯ ಜೊತೆ ಕೆಫೀನ್ ಕೊಟ್ಟು ನೋಡುವುದು ಪ್ರಯೋಗಾಲಯದಲ್ಲಿ ಅವಳ ಕೆಲಸ. ಮನೆಯಲ್ಲಿ ಅಕ್ಕನಿಗೂ ಕೀಮೋ ನಡೆಯುತ್ತಿತ್ತು.

"ಕೆಫೀನ್ ಸೇರಿಸಿದ ಇಲಿಗಳಲ್ಲಿ ಗಡ್ಡೆ ಬೇಗ ಕುಗ್ತಿದೆ ಅಕ್ಕ," ಎಂದಿದ್ದಳು ಊಟದ ಹೊತ್ತಿನಲ್ಲಿ.

"ಪುಣ್ಯ ಮಾಡಿದ ಇಲಿಗಳು ಬಿಡು," ಎಂದು ಅಕ್ಕ ನಕ್ಕಿದ್ದಳು. ಮಾತು ಅಲ್ಲಿಗೇ ಮುಗಿಯಿತೆಂದು ತಂಗಿ ಅಂದುಕೊಂಡಳು.

ಅದಾದ ವಾರದಲ್ಲೇ ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ದೊಪ್ಪೆಂದು ಸದ್ದಾಯಿತು. ತಂಗಿ ಓಡಿಹೋಗಿ ನೋಡಿದರೆ ಅಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಾಳೆ. ಮುಖ ಬಿಳಿಚಿದೆ, ಕೈಗಳು ಗಡಗಡ ನಡುಗುತ್ತಿವೆ.

"ಎದೆ ಡವಡವ ಹೊಡ್ಕೋತಿದೆ ಕಣೇ. ಹಿಡಿದ್ರೂ ನಿಲ್ತಿಲ್ಲ."

"ಏನು ತಗೊಂಡೆ? ನಿಜ ಹೇಳು."

"ಬೈಬೇಡ. ಪರೀಕ್ಷೆಗೆ ಓದೋರು ನಿದ್ದೆ ಬರದೇ ಇರೋಕೆ ನುಂಗ್ತಾರಲ್ಲ, ಆ ಕೆಫೀನ್ ಮಾತ್ರೆ. ದಿನಾ ತಗೋತಿದ್ದೆ. ಇವತ್ತು ಐದಾರು ಒಟ್ಟಿಗೇ..."

ತಂಗಿ ತಕ್ಷಣ ಟ್ಯಾಕ್ಸಿಗೆ ಫೋನ್ ಮಾಡಿದಳು. ಅವತ್ತು ಊಟದ ಹೊತ್ತಿನಲ್ಲಿ ಅವಳು ಹೇಳದೆ ಬಿಟ್ಟದ್ದೂ ಒಂದಿತ್ತು: ಕೆಫೀನ್ ಹೆಚ್ಚು ಕೊಟ್ಟ ಕೆಲವು ಇಲಿಗಳು ಮರುದಿನ ಪಂಜರದ ಮೂಲೆಯಲ್ಲಿ ಸೆಟೆದು ಬಿದ್ದಿದ್ದವು.

ಟ್ಯಾಕ್ಸಿಯಲ್ಲಿ ಅವಳು ಅಕ್ಕನ ಮಣಿಕಟ್ಟನ್ನು ಬಿಡಲೇ ಇಲ್ಲ. ಬೆರಳಡಿ ನಾಡಿ ದಡದಡ ಓಡಿ, ನಡುವೆ ಒಮ್ಮೊಮ್ಮೆ ತಪ್ಪಿಬಿಡುತ್ತಿತ್ತು. "ಸ್ವಲ್ಪ ಬೇಗ ಹೋಗಿಪ್ಪಾ," ಎಂದು ಚಾಲಕನನ್ನು ಅಂಗಲಾಚಿದಳು.

ಆಸ್ಪತ್ರೆಯಲ್ಲಿ ಅಕ್ಕನ ಎದೆಗೆ ತಂತಿಗಳನ್ನು ಅಂಟಿಸಿ, ತೋಳಿಗೆ ಡ್ರಿಪ್ ಹಾಕಿದರು. ಮಾತ್ರೆ ನುಂಗಿದ ಕಾರಣವನ್ನು ಅಕ್ಕನಿಂದಲೇ ಕೇಳಿ ತಿಳಿದ ವೈದ್ಯೆ ತಂಗಿಯನ್ನು ಬಾಗಿಲಾಚೆ ಕರೆದರು. "ಇಲಿಗೆ ಆಗಿದ್ದು ಮನುಷ್ಯರಿಗೂ ಆಗುತ್ತೆ ಅಂತ ಯಾರಮ್ಮ ಹೇಳಿದ್ದು ಇವರಿಗೆ?"

"ನಾನೇ ಡಾಕ್ಟ್ರೇ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಎದೆಬಡಿತ ಹದಕ್ಕೆ ಬಂತು. ಮುಂದಿನ ಕೀಮೋವನ್ನು ವೈದ್ಯೆ ಮುಂದಕ್ಕೆ ಹಾಕಿದರು. ಅಕ್ಕ ಕಣ್ಣು ತೆರೆದು ಮೊದಲು ಕೇಳಿದ್ದು, "ಗಡ್ಡೆ ಚೂರಾದ್ರೂ ಕುಗ್ಗಿರುತ್ತಾ?"

ತಂಗಿ ಮಂಚದ ಬಳಿಗೆ ಕುರ್ಚಿ ಎಳೆದುಕೊಂಡಳು. ಅಷ್ಟೆಲ್ಲ ನಗಾಡುತ್ತಿದ್ದವಳ ಒಳಗೆ ಇಷ್ಟು ಭಯವಿತ್ತೇ? ಸತ್ತ ಇಲಿಗಳ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

ಅಕ್ಕ ಅವಳತ್ತ ತಿರುಗಿದಳು. "ಅವತ್ತೇ ಯಾಕೆ ಹೇಳಲಿಲ್ಲ?"

"ನೀನು ಹೆದರ್ತೀಯ ಅಂತ."

"ಹೆದರ್ತೀನಿ. ಆದ್ರೂ ಹೇಳು."

ತಂಗಿ ಹೂಂ ಎಂದು ತಲೆಯಾಡಿಸಿದಳು. ಸಂಜೆಯವರೆಗೂ ಅವಳ ಕಣ್ಣು ಅಕ್ಕನ ಎದೆಬಡಿತ ತೋರಿಸುವ ಮಾನಿಟರಿನ ಹಸಿರು ಗೆರೆಯನ್ನು ಬಿಟ್ಟು ಕದಲಲಿಲ್ಲ.