‘ಹೊರಟಿದೆ’ ಎಂಬ ಗುಂಡಿ

ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವಳು ಭಾವನ ಮಗಳು. ಆಮೇಲೆ ಬೆಸುಗೆಯವರು, ಬಣ್ಣ ಹೊಡೆಯುವವರು ಶುರುಮಾಡಿದರು. ಕೊನೆಗೆ ಪಾರ್ಸೆಲ್ ಒಯ್ಯಲು ಬರುವ ಕೊರಿಯರ್ ಚಾಲಕ, ಆಕೆಗಿಂತ ಎಷ್ಟೋ ದೊಡ್ಡವನು, ಅವನ ಬಾಯಲ್ಲೂ ಚಿಕ್ಕಮ್ಮನೇ.

ಅಲ್ಲಿ ತಯಾರಾಗುತ್ತಿದ್ದದ್ದು ಗಾಲಿಕುರ್ಚಿ, ಊರುಗೋಲು, ಮುದುಕರು ಹಿಡಿದು ನಡೆಯುವ ವಾಕರ್. ಇಬ್ಬರು ಅಣ್ಣತಮ್ಮಂದಿರ ಸಮಪಾಲಿನ ಕಂಪನಿ. ಅಣ್ಣ, ಅಂದರೆ ಚಿಕ್ಕಮ್ಮನ ಭಾವ, ಮುಂದಿನ ಗಾಜಿನ ಕೋಣೆಯಲ್ಲಿ ಕೂತು ವ್ಯಾಪಾರ ನೋಡಿಕೊಳ್ಳುತ್ತಿದ್ದರು. ತಮ್ಮ, ಅಂದರೆ ಆಕೆಯ ಗಂಡ, ಹಿಂದಿನ ಶೆಡ್ಡಿನಲ್ಲಿ ಕೊಳವೆ ಬಗ್ಗಿಸುತ್ತ, ಬೆಸುಗೆಯ ಕಿಡಿಗಳ ನಡುವೆ ದಿನ ಕಳೆಯುವ ಮನುಷ್ಯ. ಇವೆರಡರ ನಡುವೆ ಒಂದು ಉದ್ದನೆಯ ಕೋಣೆ. ಅದರ ತುಂಬ ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿಯ ಸುರುಳಿ, ನೆಲಕ್ಕೆ ಹಾಸಿದ ತೂಕದ ಯಂತ್ರ. ಅಲ್ಲೇ ಕಿಟಕಿಯ ಪಕ್ಕ ಚಿಕ್ಕಮ್ಮನ ಮೇಜು. ಸಾಮಾನು ಕಟ್ಟಿಸಿ ಕಳಿಸುವ ಕೆಲಸವೆಲ್ಲ ಆಕೆಯದು.

ಹಿಂದೆ ಅದು ಕೆಲಸವಾಗಿರಲಿಲ್ಲ, ಗದ್ದಲವಾಗಿತ್ತು. ಫೋನಿನಲ್ಲಿ ಬಂದ ಆರ್ಡರನ್ನು ಭಾವ ಚೀಟಿಯಲ್ಲಿ ಗೀಚುತ್ತಿದ್ದರು. ಚೀಟಿ ಶೆಡ್ಡಿಗೆ ಹೋಗುವಷ್ಟರಲ್ಲಿ ಯಾರದೋ ಕಾಫಿ ಲೋಟದ ಅಡಿ ಸೇರಿರುತ್ತಿತ್ತು. ಇದ್ದ ಒಂದೇ ಕುರ್ಚಿಯನ್ನು ಇಬ್ಬರಿಗೆ ಮಾರಿ ಇಬ್ಬರ ಹತ್ತಿರವೂ ಬೈಸಿಕೊಂಡದ್ದುಂಟು. ಭಾವನ ಮಗಳು ಓದು ಮುಗಿಸಿ ಬಂದವಳೇ ಹಟ ಹಿಡಿದು ಎಲ್ಲವನ್ನೂ ಕಂಪ್ಯೂಟರಿಗೆ ಜೋಡಿಸಿದಳು. ಈಗ ಗಿರಾಕಿ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಕುರ್ಚಿ ಆರಿಸಿದರೆ ಸಾಕು, ದಾಸ್ತಾನಿನ ಲೆಕ್ಕ ತಾನಾಗಿ ಇಳಿಯುತ್ತಿತ್ತು, ಯಾವ ಅಳತೆಯದು ಬೇಕೆಂದು ಶೆಡ್ಡಿನ ಪರದೆಯ ಮೇಲೆ ಮೂಡುತ್ತಿತ್ತು. ಗಾಲಿ ಮುಗಿಯುತ್ತ ಬಂದರೆ ಗಾಲಿ ಮಾಡುವವರಿಗೆ ಸುದ್ದಿ ಹೋಗುತ್ತಿತ್ತು. ವಿಳಾಸದ ಚೀಟಿ ಚಿಕ್ಕಮ್ಮನ ಮೇಜಿನ ಮೇಲೆ ಅಚ್ಚಾಗಿ ಬೀಳುತ್ತಿತ್ತು.

ಯಂತ್ರಕ್ಕೆ ಎಲ್ಲರಿಗಿಂತ ಬೇಗ ಒಗ್ಗಿದವಳು ಚಿಕ್ಕಮ್ಮ. “ಇದು ಬಂದ ಮೇಲೆ ನಿಮ್ಮಪ್ಪನ ಗಂಟಲಿಗೆ ಸ್ವಲ್ಪ ರೆಸ್ಟ್ ಸಿಕ್ತು ನೋಡೇ,” ಎಂದು ಹುಡುಗಿಯ ಬೆನ್ನು ತಟ್ಟಿದ್ದಳು.

ಎಲ್ಲ ತಾನಾಗಿ ನಡೆಯುವ ಆ ಸರಪಳಿಯಲ್ಲಿ ಮನುಷ್ಯರ ಕೈಗೆ ಬಿಟ್ಟದ್ದು ಒಂದು ಕೊಂಡಿ. ಪೆಟ್ಟಿಗೆ ವ್ಯಾನ್ ಹತ್ತಿದ ಮೇಲೆ ಪರದೆಯ ಮೇಲಿನ ‘ಹೊರಟಿದೆ’ ಎಂಬ ಗುಂಡಿ ಒತ್ತಬೇಕು. ಒತ್ತಿದ ಕೂಡಲೇ ಗಿರಾಕಿಗೆ ಸಂದೇಶ ಹೋಗುತ್ತದೆ: ನಿಮ್ಮ ಸಾಮಾನು ದಾರಿಯಲ್ಲಿದೆ.

ತಕರಾರು ಹುಟ್ಟಿದ್ದು ಅಲ್ಲಿಂದಲೇ. ಕಂಪನಿಯ ಮುಕ್ಕಾಲು ಮಾರಾಟ ಒಂದು ದೊಡ್ಡ ಆನ್‌ಲೈನ್ ಸಂತೆಯ ಮೂಲಕ ನಡೆಯುತ್ತಿತ್ತು. ಆರ್ಡರ್ ಬಂದ ಎರಡು ದಿನದೊಳಗೆ ಸಾಮಾನು ಹೊರಡದಿದ್ದರೆ ಅಂಗಡಿಯನ್ನು ಗಿರಾಕಿಗಳ ಕಣ್ಣಿಗೆ ಬೀಳದ ಹಿಂದಿನ ಪುಟಕ್ಕೆ ತಳ್ಳುವುದು ಆ ಸಂತೆಯ ಕಾನೂನು. ಭಾವ ಗಿರಾಕಿಗಳನ್ನು ಸೆಳೆಯಲು ದೊಡ್ಡ ರಿಯಾಯಿತಿ ಸಾರಿದರು. ಆರ್ಡರುಗಳು ಕಟ್ಟೆ ಒಡೆದಂತೆ ನುಗ್ಗಿದವು. ಅದೇ ವಾರ ಗಾಲಿ ಮಾಡುವವರ ಯಂತ್ರ ಕೆಟ್ಟು ನಿಂತಿತು. ಶೆಡ್ಡಿನ ತುಂಬ ಕುರ್ಚಿಗಳು, ಒಂದಕ್ಕೂ ಗಾಲಿಯಿಲ್ಲ.

ಭಾವ ಚಿಕ್ಕಮ್ಮನ ಮೇಜಿನ ಹತ್ತಿರ ಬಂದು ನಿಂತರು. “ಎಲ್ಲಾ ಒತ್ತಿಬಿಡಮ್ಮ.”

“ಏನು ಒತ್ತೋದು ಭಾವ? ಕುರ್ಚಿ ಇನ್ನೂ ಕುಂಟ್ತಾ ಇದೆ.”

“ಗಾಲಿ ನಾಲ್ಕು ದಿನದಲ್ಲಿ ಬರತ್ತೆ. ಅಲ್ಲೀವರೆಗೆ ಸಂತೆಯವರ ಬಾಯಿ ಮುಚ್ಚಿದ್ರೆ ಸಾಕು. ಎಲ್ಲರೂ ಮಾಡೋದೇ ಇದು.”

“ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸೋರನ್ನ ಕೇಳಿದ್ದೆ. ಕೂಸು ನಡೀತಾ ಬರ್ತಿದೆ ಅಂತ ಊರಿಗೆ ಸಾರೋರನ್ನ ಇವತ್ತೇ ಕಂಡಿದ್ದು. ನಾನು ಒತ್ತಲ್ಲ ಭಾವ.”

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆಕೆ ಭಾವನ ಮಾತಿಗೆ ಎದುರಾಡಿದವಳಲ್ಲ. ಆದರೆ ಆಡಿದ ಮಾತನ್ನು ಹಿಂತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ಭಾವ ನಕ್ಕಂತೆ ಮಾಡಿ ತಮ್ಮ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮನ ಪರದೆಯ ಮೇಲೆ ಆರ್ಡರುಗಳು ಒಂದರ ಹಿಂದೊಂದು ಬಣ್ಣ ಬದಲಿಸತೊಡಗಿದವು. ಹೊರಟಿದೆ, ಹೊರಟಿದೆ, ಹೊರಟಿದೆ. ಭಾವ ತಮ್ಮ ಪಾಸ್‌ವರ್ಡ್ ಹಾಕಿ ತಾವೇ ಒತ್ತುತ್ತಿದ್ದರು.

ಆ ವಾರವೇ ಒಬ್ಬ ಹೆಂಗಸು ಕಾರ್ಖಾನೆಯ ಬಾಗಿಲಿಗೆ ಬಂದಳು. ಐವತ್ತರ ಆಸುಪಾಸು, ದರ್ಜಿ ಕೆಲಸದವಳು. ಹೆಗಲ ಮೇಲಿನ ಅಳತೆಪಟ್ಟಿಯನ್ನು ತೆಗೆಯುವುದನ್ನೂ ಮರೆತು ಬಂದಿದ್ದಳು. ಕೂರಿ ಎಂದರೂ ಕೂರಲಿಲ್ಲ. ಕೈಯಲ್ಲಿದ್ದ ಮೊಬೈಲನ್ನು ಚಿಕ್ಕಮ್ಮನ ಮುಂದೆ ಹಿಡಿದಳು.

“ದಾರೀಲಿದೆ ಅಂತ ಬಂದಿದೆ. ಓದಿ, ನೀವೇ ಓದಿ.”

ಚಿಕ್ಕಮ್ಮ ಓದಿದಳು.

“ಇದನ್ನ ನಂಬಿಕೊಂಡು ನಮ್ಮ ಯಜಮಾನರನ್ನ ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದೆ. ಎರಡು ಕಾಲಲ್ಲೂ ಬಲ ಇಲ್ಲ ಅವರಿಗೆ. ಕುರ್ಚಿ ಬರೋವರೆಗೆ ಅಲ್ಲೇ ಇರಿ ಅಂತ ನರ್ಸಮ್ಮ ಹೇಳಿದ್ರು. ಇಲ್ಲಮ್ಮ, ಕುರ್ಚಿ ದಾರೀಲಿದೆ, ಅಂದೆ ನಾನು.” ಆಕೆಯ ದನಿ ಏರಲಿಲ್ಲ, ಏರಿದ್ದರೆ ಕೇಳುವವರಿಗೆ ಸುಲಭವಾಗುತ್ತಿತ್ತು. “ಪಕ್ಕದ ಮನೆಯವರು ಮೂಟೆ ಎತ್ತಿದ ಹಾಗೆ ಎತ್ತಿ ಒಳಗೆ ಹಾಕಿದ್ರು. ನಿನ್ನೆ ಬಚ್ಚಲಿಗೆ ಹೋಗೋಕೆ ನೆಲದ ಮೇಲೆ ತೆವಳಿದ್ರು. ಬಾಗಿಲು ಹಾಕ್ಕೊಂಡು ಹೋಗು, ನೋಡಬೇಡ, ಅಂದ್ರು ನನಗೆ. ಕುರ್ಚಿ ಎಲ್ಲಿದೆ? ಅಷ್ಟು ಹೇಳಿ.”

ಆ ಕುರ್ಚಿ ಗೋಡೆಯ ಆಚೆ ಶೆಡ್ಡಿನಲ್ಲೇ ಇತ್ತು, ಗಾಲಿಯಿಲ್ಲದೆ.

ಚಿಕ್ಕಮ್ಮ ಹೇಳಿದಳು: “ಇಲ್ಲೇ ಇದೆ ಅಕ್ಕ. ದಾರಿಗೆ ಬಿದ್ದೇ ಇಲ್ಲ. ನಿಮಗೆ ಬಂದದ್ದು ಸುಳ್ಳು.”

ಗಾಜಿನ ಕೋಣೆಯಿಂದ ಭಾವ ಎದ್ದು ಬರುತ್ತಿದ್ದುದು ಆಕೆಗೆ ಕಂಡಿತು. ಅವರು ಬಂದು, ತಾಂತ್ರಿಕ ತೊಂದರೆ, ಸಿಸ್ಟಮ್ ತಪ್ಪು ತೋರಿಸಿದೆ ಎಂದು ಶುರುಮಾಡಿದರು. ಚಿಕ್ಕಮ್ಮ ಎದ್ದು ನಿಂತಳು.

“ಸಿಸ್ಟಮ್‌ಗೆ ಬಾಯಿಲ್ಲ ಭಾವ, ಅದರ ಮೇಲೆ ಹಾಕಬೇಡಿ. ನಾವು ಏನು ಹೇಳಿದ್ವೋ ಅದನ್ನೇ ಅದು ಅವರಿಗೆ ಹೇಳಿದೆ.”

ಹೆಂಗಸು ಇಬ್ಬರನ್ನೂ ನೋಡಿದಳು. ಆಮೇಲೆ ಅಲ್ಲೇ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತಳು. ಚಿಕ್ಕಮ್ಮ ಶೆಡ್ಡಿಗೆ ಹೋಗಿ ಗಂಡನಿಗೆ ವಿಷಯ ತಿಳಿಸಿದಳು. ಆತ ಪ್ರದರ್ಶನಕ್ಕೆಂದು ಮುಂಬಾಗಿಲಲ್ಲಿ ನಿಲ್ಲಿಸಿದ್ದ ಫಳಫಳ ಕುರ್ಚಿಯ ಗಾಲಿಗಳನ್ನು ಬಿಚ್ಚಿ, ಆ ಹೆಂಗಸಿನ ಗಂಡನ ಅಳತೆಯ ಕುರ್ಚಿಗೆ ತೊಡಿಸಿದ. ಕೊರಿಯರ್ ಚಾಲಕ ಹೆಂಗಸನ್ನೂ ಕುರ್ಚಿಯನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೋದ. ಮುಂಬಾಗಿಲಲ್ಲಿ ಗಾಲಿ ಕಳಚಿದ ಕುರ್ಚಿ ನೆಲಕ್ಕೆ ಕುಂಡೆಯೂರಿ ಕೂತಿತ್ತು.

ಒಬ್ಬಳ ಕಥೆ ಮುಗಿಯಿತು. ಉಳಿದವರು? ಚಿಕ್ಕಮ್ಮ ಮೇಜಿಗೆ ವಾಪಸು ಬಂದು, ಭಾವ ಒತ್ತಿದ್ದ ಅಷ್ಟೂ ಆರ್ಡರುಗಳನ್ನು ಆರಿಸಿ, ಎಲ್ಲ ಗಿರಾಕಿಗಳಿಗೂ ಒಂದೇ ಸಂದೇಶ ಬರೆದಳು. ‘ನಿಮ್ಮ ಸಾಮಾನು ಹೊರಟಿದೆ ಎಂದು ನಾವು ಹೇಳಿದ್ದು ನಿಜವಲ್ಲ. ಅದು ಇನ್ನೂ ನಮ್ಮ ಕಾರ್ಖಾನೆಯಲ್ಲಿದೆ. ಗಾಲಿ ಬಂದ ಮೇಲೆ ಕಳಿಸುತ್ತೇವೆ. ಕಾಯಲು ಆಗದವರು ಬೇರೆ ಕಡೆ ಕೊಳ್ಳಿ, ನಿಮ್ಮ ಹಣ ಪೂರ್ತಿ ವಾಪಸು ಬರುತ್ತದೆ.’ ಓದಿ ನೋಡಿದಳು. ಕ್ಷಮಿಸಿ ಎಂದು ಸೇರಿಸಿದಳು. ಕಳಿಸಿದಳು.

ಫೋನುಗಳು ಎದ್ದು ಕುಣಿದವು. ಬೈದವರು ಬೈದರು, ಆರ್ಡರ್ ರದ್ದು ಮಾಡಿದವರು ಮಾಡಿದರು. ಕಾಯುತ್ತೇವೆ ಎಂದವರೂ ಇದ್ದರು. ಸಂತೆಯವರು ಸಂಜೆಯೊಳಗೆ ಕಂಪನಿಯನ್ನು ಎಷ್ಟೋ ಪುಟ ಹಿಂದಕ್ಕೆ ನೂಕಿದರು.

ಭಾವನ ಮುಖ ಕೆಂಡವಾಗಿತ್ತು. “ನಮ್ಮ ಅಂಗಡಿಗೆ ನೀನೇ ಬೆಂಕಿ ಇಟ್ಟೆಯಲ್ಲ ತಾಯಿ! ನಾಳೆಯಿಂದ ಮನೇಲಿ ಇದ್ದುಬಿಡು. ನಿನ್ನ ಪಾಸ್‌ವರ್ಡ್ ತೆಗೆಸ್ತೀನಿ.”

“ತೆಗೆಸಿ. ಮನೇಲಿ ಮಾತ್ರ ಇರಲ್ಲ,” ಎಂದಳು ಚಿಕ್ಕಮ್ಮ.

ಮರುದಿನ ಬೆಳಗ್ಗೆ ಆಕೆಯ ಪರದೆ ತೆರೆಯಲಿಲ್ಲ. ಆಕೆ ಶೆಡ್ಡಿಗೆ ನಡೆದು, ಸೆರಗು ಸಿಕ್ಕಿಸಿ, ಗಂಡನ ಪಕ್ಕದ ಸ್ಟೂಲಿನ ಮೇಲೆ ಕೂತು ಸ್ಪ್ಯಾನರ್ ಕೈಗೆತ್ತಿಕೊಂಡಳು. ಕಾಲಿಡುವ ಪಟ್ಟಿಗಳಿಗೆ ಬೋಲ್ಟ್ ಬಿಗಿಯುತ್ತ ಹೋದಳು. ಬೆಸುಗೆಯವರು ಮುಸಿಮುಸಿ ನಕ್ಕರು, ಆಮೇಲೆ ಸುಮ್ಮನಾದರು. ಒಬ್ಬ ಬಂದು ಆಕೆಯ ಸ್ಟೂಲಿನ ಕೆಳಗೆ ಮಡಚಿದ ಗೋಣಿ ಹಾಸಿ ಹೋದ. ಆಕೆಗೆ ಹೆದರಿಕೆ ಇರಲಿಲ್ಲ ಎಂದಲ್ಲ. ಒಂದೇ ಸೂರಿನಡಿ ಬಾಳುವವರು. ಸಂಜೆ ಅದೇ ಅಡುಗೆಮನೆ, ಅದೇ ಊಟದ ಮೇಜು. ಗಂಡ ಏನು ಅಂದುಕೊಂಡಿದ್ದಾನೋ ಎಂಬುದೇ ದೊಡ್ಡ ಚಿಂತೆ. ಅಣ್ಣ ಹಾಕಿದ ಗೆರೆಯನ್ನು ಆತ ಯಾವತ್ತೂ ದಾಟಿದವನಲ್ಲ.

“ರೀ, ಏನಾದ್ರೂ ಹೇಳಿ,” ಎಂದಳು ಕೊನೆಗೆ.

“ಬೋಲ್ಟ್ ಜಾಸ್ತಿ ಬಿಗೀಬೇಡ, ಪಟ್ಟಿ ತಿರುಗಲ್ಲ,” ಎಂದ ಆತ.

ಊಟದ ಹೊತ್ತಿಗೆ ಭಾವ ಶೆಡ್ಡಿಗೇ ಬಂದರು. ಹಿಂದೆಯೇ ಮಗಳು. “ಇವಳನ್ನ ಮನೆಗೆ ಕಳಿಸೋ,” ಎಂದರು ತಮ್ಮನಿಗೆ. “ಕಂಪನಿ ಮರ್ಯಾದೆ ತೆಗೆದವಳು ಇಲ್ಲಿ ಕೂರೋದು ಬೇಡ.”

ಆತ ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕ ತೆಗೆದ. ಎದುರಿಗಿದ್ದ ಗಾಲಿಯಿಲ್ಲದ ಕುರ್ಚಿಯನ್ನು ಎರಡೂ ಕೈಯಿಂದ ಎತ್ತಿ ಅಣ್ಣನ ಮುಂದೆ ಇಟ್ಟ.

“ಅಣ್ಣ, ಇದು ಹೊರಟಿದೆ ಅಂತ ನೀನು ಒತ್ತಿದೀಯ. ಇನ್ನೂ ನನ್ನ ಕೈಯಲ್ಲೇ ಇದೆಯಲ್ಲ. ನಾನು ಮಾಡೋ ಕುರ್ಚಿ ಸುಳ್ಳು ಅಂತ ಇವತ್ತಿನವರೆಗೆ ಯಾರೂ ಅಂದಿರಲಿಲ್ಲ.”

“ನೀನೂ ಶುರು ಮಾಡಿದ್ಯಾ? ಹೆಂಡತಿ ಹೇಳಿಕೊಟ್ಟಳೋ?”

“ಅವಳು ಹೇಳಿಕೊಡೋ ಹಾಗಿದ್ರೆ ನೀನು ಒತ್ತಿದ ದಿನವೇ ಮಾತಾಡ್ತಿದ್ದೆ. ಆಗ ಬಾಯಿ ಬಿಡದೇ ಇದ್ದದ್ದು ನನ್ನ ತಪ್ಪು. ಅವಳು ಇಲ್ಲೇ ಇರ್ತಾಳೆ. ಅರ್ಧ ಕಂಪನಿ ನಂದು, ನಾನು ಹೇಳ್ತಿದೀನಿ.”

ಕೊಳವೆ ಕತ್ತರಿಸುವ ಯಂತ್ರವನ್ನೂ ಯಾರೋ ನಿಲ್ಲಿಸಿದ್ದರು. ಭಾವ ಮಗಳ ಕಡೆ ತಿರುಗಿದರು. “ನೀನಾದ್ರೂ ಹೇಳೇ ಇವರಿಗೆ. ಚಿಕ್ಕಮ್ಮನ ಪಾಸ್‌ವರ್ಡ್ ವಾಪಸ್ ಕೊಡೋದಾದ್ರೆ, ನನ್ನ ಮಾತು ಕೇಳ್ತೀನಿ ಅಂತ ಒಪ್ಪಿಕೊಳ್ಳಲಿ.”

ಚಿಕ್ಕಮ್ಮ ಸ್ಪ್ಯಾನರ್ ಕೆಳಗಿಟ್ಟಳು. “ಪಾಸ್‌ವರ್ಡ್ ಬೇಡ ನನಗೆ. ಆ ಗುಂಡೀನೇ ಬೇಡ. ಕಿತ್ತು ಹಾಕಿಸು ಮಗಳೇ. ಇವತ್ತು ಭಾವ ಒತ್ತಿದ್ರು, ನಾಳೆ ಕಷ್ಟ ಬಂದ್ರೆ ನಾನೇ ಒತ್ತಬಹುದು. ಪೆಟ್ಟಿಗೆ ವ್ಯಾನ್ ಹತ್ತುವಾಗ ಡ್ರೈವರು ಅದೇನೋ ಕೆಂಪು ದೀಪ ತೋರಿಸಿ ಚೀಟಿ ಓದಿಸ್ತಾನಲ್ಲ, ಆಗಲೇ ತಾನಾಗಿ ‘ಹೊರಟಿದೆ’ ಅಂತ ಹೋಗೋ ಹಾಗೆ ಆಗಲ್ವಾ?”

“ಆಗತ್ತೆ ಚಿಕ್ಕಮ್ಮ,” ಎಂದಳು ಹುಡುಗಿ. ಅಪ್ಪನ ಮುಖ ನೋಡದೆಯೇ ಹೇಳಿದಳು: “ಗಾಲಿ ಎಷ್ಟಿದೆ, ದಿನಕ್ಕೆ ಎಷ್ಟು ಕುರ್ಚಿ ಆಗತ್ತೆ, ಎಲ್ಲಾ ಅದಕ್ಕೆ ಗೊತ್ತು. ಕೊಳ್ಳೋ ಮೊದಲೇ ನಿಜವಾದ ದಿನ ತೋರಿಸೋ ಹಾಗೂ ಮಾಡಬಹುದು. ಅಪ್ಪ, ಇದನ್ನ ನಾನು ತಂದದ್ದು ಚೀಟಿ ಕಳೆದುಹೋಗದಿರಲಿ ಅಂತ. ಸುಳ್ಳು ಬೇಗ ತಲುಪಲಿ ಅಂತ ಅಲ್ಲ.”

“ಮುಳುಗಿ ಹೋಗಿ ಎಲ್ಲರೂ,” ಎಂದು ಭಾವ ಹೊರಟುಹೋದರು.

ಗುಂಡಿ ಹೋಯಿತು. ಹುಡುಗಿ ಪರದೆಯನ್ನು ಮತ್ತೆ ತೆರೆದುಕೊಟ್ಟಳು, ಚಿಕ್ಕಮ್ಮ ತನ್ನ ಮೇಜಿಗೆ ಮರಳಿದಳು. ಕಂಪನಿ ಮುಳುಗಲಿಲ್ಲ, ಆದರೆ ಬಡವಾಯಿತು, ಅದನ್ನು ಮುಚ್ಚಿಡುವುದೇಕೆ. ಸಂತೆಯ ಮುಂದಿನ ಪುಟ ಮತ್ತೆ ಸಿಗಲಿಲ್ಲ. ಶೆಡ್ಡಿನಲ್ಲಿ ಒಂದು ಪಾಳಿ ನಿಂತಿತು. ಗಾಲಿಗೆ ಇನ್ನೊಬ್ಬ ತಯಾರಕರನ್ನು ಹುಡುಕಿ ಅವರನ್ನೂ ಸರಪಳಿಗೆ ಜೋಡಿಸಿದರು. ಕಂಪನಿಯದೇ ಪುಟದಲ್ಲಿ ಕುರ್ಚಿಯ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಇಂಥ ದಿನ ಹೊರಡುತ್ತದೆ ಎಂದು ಬರುತ್ತಿತ್ತು. ಅಂಥ ದಿನವೇ ಹೊರಡುತ್ತಿತ್ತು. ಆಸ್ಪತ್ರೆಗಳವರು ಆ ಪುಟ ನೋಡಿ, ರೋಗಿಯನ್ನು ಮನೆಗೆ ಯಾವಾಗ ಕಳಿಸಬೇಕೆಂದು ನಿರ್ಧರಿಸತೊಡಗಿದರು. ಆರ್ಡರುಗಳು ನಿಧಾನವಾಗಿ ಬಂದವು.

ಭಾವ ಮಾತ್ರ ಚಿಕ್ಕಮ್ಮನ ಜೊತೆ ಮಾತು ಬಿಟ್ಟಿದ್ದರು. ಹೇಳುವುದೇನಿದ್ದರೂ ತಮ್ಮನ ಮೂಲಕ. ಆಕೆ ಪಕ್ಕದಲ್ಲೇ ಅಂಟುಪಟ್ಟಿ ಎಳೆಯುತ್ತ ನಿಂತಿದ್ದರೂ, “ಅವಳಿಗೆ ಹೇಳು, ಬಾಗಿಲು ಹಾಕಲಿ,” ಅನ್ನುವರು. “ಕೇಳಿಸ್ತು ಅಂತ ಹೇಳ್ರೀ,” ಅನ್ನುವಳು ಆಕೆ. ನಡುವೆ ನಿಂತ ಗಂಡ ಇಬ್ಬರಿಗೂ ತಲೆಯಾಡಿಸುವನು.

ಹೀಗಿರುವಾಗ ಒಂದು ದಿನ ದೊಡ್ಡ ಆಸ್ಪತ್ರೆಯೊಂದರ ಖರೀದಿ ಅಧಿಕಾರಿ ಫೋನ್ ಮಾಡಿದ. ಇಡೀ ಒಂದು ಮಹಡಿಗೆ ಬೇಕಾಗುವಷ್ಟು ಕುರ್ಚಿ, ಸೋಮವಾರದೊಳಗೆ. ಭಾವ ಫೋನನ್ನು ಎದೆಗೊತ್ತಿಕೊಂಡು ಉದ್ದನೆಯ ಕೋಣೆಗೆ ಬಂದರು. ತಮ್ಮ ಅಲ್ಲಿರಲಿಲ್ಲ. ಗೋಡೆ ನೋಡಿದರು, ತೂಕದ ಯಂತ್ರ ನೋಡಿದರು.

“ಯಾವಾಗ ಆಗತ್ತೆ?” ಎಂದರು, ಯಾರಿಗೋ ಎಂಬಂತೆ.

ಚಿಕ್ಕಮ್ಮ ಪರದೆ ನೋಡಿದಳು. “ಸೋಮವಾರ ಅಲ್ಲ. ಅದರ ಮುಂದಿನ ಶುಕ್ರವಾರ.”

ಭಾವ ಫೋನನ್ನು ಕಿವಿಗಿಟ್ಟರು. “ಶುಕ್ರವಾರ. ಬರೋ ವಾರದ್ದು,” ಎಂದರು. ಆಚೆಯಿಂದ ಜೋರು ದನಿ ಕೇಳಿಸಿತು. ಸೋಮವಾರ ಅಂತ ಸುಮ್ಮನೆ ಬರೆದುಕೊಡಿ, ಆಮೇಲೆ ನೋಡಿಕೊಳ್ಳೋಣ, ಬೇರೆಯವರೆಲ್ಲ ಕೊಡ್ತಾರೆ.

ಭಾವನ ಕತ್ತಿನ ನರ ಉಬ್ಬಿತು.

“ಹಾಗಾದ್ರೆ ಬೇರೆಯವರ ಹತ್ರಾನೇ ತಗೊಳ್ಳಿ ಸ್ವಾಮಿ,” ಎಂದು ಗುಡುಗಿದರು. “ನಮ್ಮಲ್ಲಿ ಶುಕ್ರವಾರ ಅಂದ್ರೆ ಶುಕ್ರವಾರ!”